ಮಾವ ಜಪಾನಿಗೆ ಒಯ್ದ ಬೆಲ್ಲ

ನನ್ನ ಸೋದರಮಾವ ಕೆಲಸದ ಮೇಲೆ ಜಪಾನಿಗೆ ಹೋಗಿಬಂದರು. ಮಾವ ಸುಧಾರಿಸಿಕೊಂಡಿದ್ದಾರೆ. ಜಪಾನು ಸುಧಾರಿಸಿಕೊಂಡಿತೋ ಇಲ್ಲವೋ ಗೊತ್ತಿಲ್ಲ!

ಅವರನ್ನು ಬಲ್ಲವರಿಗೆ ಈ ಮಾತು ಹೆಚ್ಚೆನಿಸುವುದಿಲ್ಲ. ಪಾಂಡವಪುರದ ಪಕ್ಕದಲ್ಲಿ ಅವರದೊಂದು ಆಲೆಮನೆ. ಗಾಣದ ಬೆಲ್ಟು ತುಂಡಾಯಿತೆಂದು ಕೆ.ಆರ್. ಪೇಟೆಗೆ ಹೊರಟರೆ ಪೇಟೆಯನ್ನೂ ದಾಟಿ ಹೇಮಗಿರಿಯಲ್ಲಿ ಇಳಿದು ಹೊಳೆಯಲ್ಲೊಂದು ಮುಳುಗು ಹಾಕಬೇಕು, ಗೋವಿಂದನಹಳ್ಳಿಯ ಗುಡಿಯಲ್ಲಿ ಐದು ಲಿಂಗಕ್ಕೂ ಕೈಮುಗಿಯಬೇಕು, ದಾರಿಯಲ್ಲಿ ಸಿಕ್ಕ ನೆಂಟರ ಮನೆಯಲ್ಲಿ ಉಂಡು ಅವರ ಮಗಳಿಗೊಂದು ಗಂಡು ಗೊತ್ತುಮಾಡಬೇಕು. ಮಾರನೆಯ ದಿನ ಮನೆಗೆ ಬರುವಾಗ ಚೀಲದಲ್ಲಿ ಎಲ್ಲವೂ ಇರುತ್ತದೆ, ಬೆಲ್ಟೊಂದನ್ನು ಬಿಟ್ಟು. ಕೇಳಿದರೆ ಒಂದೇ ಉತ್ತರ.

"ಬೆಲ್ಟು ಎಲ್ಲೋಯ್ತದೆ ಬುಡ್ಲಾ, ನಾಳೆನೂ ಅಲ್ಲೇ ಇರ್ತದೆ. ಜನ ಇರ್ತಾರಾ?"

ಇಂಥವರನ್ನು ಟೋಕಿಯೋದ ಒಂದು ಮಿಠಾಯಿ ಕಂಪನಿ ಕರೆಯಿತು. ಮೈಸೂರಿನ ಯಾವುದೋ ಮಳಿಗೆಯಲ್ಲಿ ಮಾವನ ಬೆಲ್ಲ ತಿಂದಿದ್ದರಂತೆ. ಸ್ಯಾಂಪಲ್ ತಂದು ತೋರಿಸಿ, ಒಪ್ಪಿಗೆಯಾದರೆ ವರ್ಷವರ್ಷವೂ ಕೊಳ್ಳುತ್ತೇವೆ ಎಂದರು. ಸುತ್ತಲಿನ ಆಲೆಮನೆಗಳು ಒಂದೊಂದಾಗಿ ಮುಚ್ಚಿದ್ದವು. ಇದೂ ಕೈಕೊಟ್ಟರೆ ಗಾಣ ಬಿಚ್ಚಿ ಗುಜರಿಗೆ ಹಾಕುವುದೇ ಎಂದು ಮಾವ ತೀರ್ಮಾನ ಮಾಡಿದ್ದರು. ಒಂದಿಷ್ಟು ಇಂಗ್ಲಿಷು ಬರುತ್ತದೆಂಬ ತಪ್ಪಿಗೆ ನಾನು ದುಭಾಷಿಯಾಗಿ ಹೊರಟೆ. ಬೆಲ್ಲದ ಪೆಟ್ಟಿಗೆ ಕಾಯುವ ಹೊಣೆಯೂ ನನ್ನದೇ.

ಆಲೆಮನೆ ಮುಂದೆ ಹಾದುಹೋಗುವವರನ್ನು ಬರಿಗೈಯಲ್ಲಿ ಕಳಿಸಬಾರದೆಂಬುದು ನಮ್ಮ ಕಡೆಯ ಪದ್ಧತಿ. ಯಾರೇ ಇರಲಿ, ಒಂದು ಲೋಟ ಕಬ್ಬಿನಹಾಲು, ಒಂದು ತುಂಡು ಬಿಸಿಬೆಲ್ಲ ಕೊಡಲೇಬೇಕು. ಒಳ್ಳೆಯ ಪದ್ಧತಿಯೇ. ಆದರೆ ಬೆಲ್ಲ ಎಲ್ಲಿದೆಯೋ ಅದೇ ಆಲೆಮನೆ ಎಂದು ಮಾವ ತಿಳಿದರೆ ಏನು ಮಾಡುವುದು? ಟ್ಯಾಕ್ಸಿಯವನು ಬಿಳಿ ಕೈಗವಸು ಬಿಚ್ಚಿ ಒಂದಚ್ಚು ಬೆಲ್ಲ ಇಸಿದುಕೊಂಡ. ಹೋಟೆಲಿನ ಹುಡುಗಿಗೊಂದು, ಅವಳ ತಾಯಿಗೊಂದು. ಕೆಮ್ಮಲೂ ಸಂಕೋಚವಾಗುವಷ್ಟು ಸದ್ದಿಲ್ಲದ ರೈಲಿನಲ್ಲಿ ಮಾವ ಸೀಟಿನಿಂದ ಸೀಟಿಗೆ ಹೋಗಿ ಹಂಚಿದರು. ಒಬ್ಬ ಮುದುಕ ಎದ್ದುನಿಂತು ಬಗ್ಗಿ ವಂದಿಸಿದ. ಮಾವನೂ ಬಗ್ಗಿದರು. ಆತ ಇನ್ನೂ ಬಗ್ಗಿದ. ಸೋಲುವ ಜಾಯಮಾನ ಮಾವನದಲ್ಲ. ಅಷ್ಟರಲ್ಲಿ ನಾವು ಇಳಿಯಬೇಕಾಗಿದ್ದ ಸ್ಟೇಷನ್ನು ದಾಟಿಹೋಯಿತು.

ಹಾಗೆ ಮುಂದೆ ಹೋದದ್ದರಿಂದಲೇ ಫ್ಯೂಜಿ ಬೆಟ್ಟ ಕಂಡಿತು ಅನ್ನಿ. ಹೇಗಿದೆ ಮಾವ ಎಂದೆ. ತುಂಬ ಹೊತ್ತು ನೋಡಿ ನಿಧಾನವಾಗಿ ತೀರ್ಪು ಕೊಟ್ಟರು.

"ಚೆನ್ನಾಗದೆ. ಆದ್ರೆ ಒಂದೇ ಅದೆ. ನಮ್ ಕುಂತಿಬೆಟ್ಟ ಎಲ್ಡವೆ."

ಪೆಟ್ಟಿಗೆಯಲ್ಲಿ ಕಡೆಗೆ ಉಳಿದದ್ದು ಒಂದೇ ಅಚ್ಚು. ಅದನ್ನು ಕಾಲುಚೀಲದೊಳಗೆ ಸುತ್ತಿ ನನ್ನ ಹೆಗಲ ಬ್ಯಾಗಿನ ತಳಕ್ಕೆ ತುರುಕಿದೆ. (ಒಗೆದ ಕಾಲುಚೀಲ, ಸ್ವಾಮಿ!)

ಮೀಟಿಂಗಿನ ಹಿಂದಿನ ಸಂಜೆ ಕಂಪನಿಯ ಹಿರಿಯ ಮ್ಯಾನೇಜರು ಹೋಟೆಲಿಗೆ ಬಂದು ನಮ್ಮನ್ನು ಮಾತಾಡಿಸಿದರು. ಓಟ್ಲಲ್ಲಿ ಮಾತಾಡ್ಸೋದು ಎಂಥಾ ನಂಟಸ್ತಿಕೆ, ಮನೆ ಯಾವ ಕಡೆ ಕೇಳು ಎಂದು ಮಾವ ನನ್ನನ್ನು ತಿವಿದರು. ಆ ದೇಶದಲ್ಲಿ ಹೊಸಬರನ್ನು ಮನೆಗೆ ಕರೆಯುವುದು ಅಪರೂಪವೆಂದು ಕೇಳಿದ್ದೆ. ನಾಚಿಕೊಂಡೇ ಇಂಗ್ಲಿಷಿಗೆ ತಂದೆ. ಅವರು ನಮ್ಮನ್ನು ಕರೆದುಕೊಂಡೇ ಹೋದರು.

ಪುಟ್ಟ ಮನೆ. ಒಬ್ಬರೇ ಇದ್ದಾರೆ. ಒಲೆಯಿಂದ ಆಗಷ್ಟೇ ಇಳಿದ ಅನ್ನವನ್ನು ಪುಟ್ಟ ಬಟ್ಟಲಿಗೆ ಹಾಕಿ, ಮೂಲೆಯ ದೇವರ ಗೂಡಿನಂಥದ್ದರೊಳಗೆ ಒಬ್ಬ ಹೆಂಗಸಿನ ಫೋಟೋ ಮುಂದೆ ಇಟ್ಟರು. ಹೆಂಡತಿಯಂತೆ. ತೀರಿಕೊಂಡಿದ್ದಾರೆ. ಮನೆಯಲ್ಲಿ ಬೆಂದ ಮೊದಲ ಅನ್ನ ಇವತ್ತಿಗೂ ಅವರಿಗೇ ಅಂತೆ. ನಾನು ಇದನ್ನು ಕನ್ನಡದಲ್ಲಿ ಹೇಳುತ್ತಿದ್ದಂತೆ ಮಾವ ಎದ್ದು ಫೋಟೋ ಮುಂದೆ ಹೋಗಿ ನಿಂತರು.

"ಆ ಕಾಲ್ಚೀಲ ತಗಿಲಾ," ಎಂದರು.

ಅವರಿಗೆ ಮೊದಲಿನಿಂದಲೂ ಗೊತ್ತಿತ್ತು! ನಾಳೆ ಮೀಟಿಂಗು ಮಾವ, ಇದೊಂದೇ ಉಳಿದಿರೋದು ಎಂದು ಗೋಗರೆದೆ.

"ಆಯಮ್ಮನ ಮುಂದೆ ಬರಿಗೈಲಿ ನಿಂತ್ಕಳಕಾಯ್ತದಾ?"

ಬೆಲ್ಲವನ್ನು ಅನ್ನದ ಪಕ್ಕದಲ್ಲಿಟ್ಟು ಕೈಮುಗಿದರು. ಆಮೇಲೆ ನನ್ನ ಕಡೆ ತಿರುಗದೆಯೇ, "ನಮ್ಮೋಳೂ ಓಗ್ಬುಟ್ಲು ಅನ್ನು ಇವರ್ಗೆ. ಮೊದಲ್ನೇ ಅಚ್ಚು ಅವಳೇ ತಗೀತಿದ್ದಿದ್ದು ಅನ್ನು," ಎಂದರು. ಅತ್ತೆ ಹೋದಮೇಲೆ ಮಾವ ಅವರ ಸುದ್ದಿ ಎತ್ತಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ನನ್ನ ಇಂಗ್ಲಿಷು ತಡವರಿಸಿತು. ಮ್ಯಾನೇಜರು ಮಾವನ ತಟ್ಟೆಗೆ ಅನ್ನ ಬಡಿಸಿದರು. ಇಬ್ಬರೂ ಪಕ್ಕಪಕ್ಕದಲ್ಲಿ ಕೂತು ಉಂಡರು.

ಮರುದಿನ ಮೀಟಿಂಗಿನ ಮೇಜಿನ ಮೇಲೆ ನಮ್ಮ ಖಾಲಿ ಪೆಟ್ಟಿಗೆ ಕೂತಿತ್ತು. ಸುತ್ತಲೂ ಕರಿಕೋಟಿನವರು. ಮುಗಿಯಿತು ಆಲೆಮನೆಯ ಕಥೆ ಎಂದುಕೊಂಡು ಕ್ಷಮೆ ಕೇಳುವ ಮಾತು ಜೋಡಿಸುತ್ತಿದ್ದೆ. ಆಗ ಮ್ಯಾನೇಜರು ಎದ್ದು ಒಂದು ವಸ್ತ್ರ ಬಿಚ್ಚಿದರು. ಒಳಗೆ ನಮ್ಮ ಬೆಲ್ಲ. ಹೆಂಡತಿಗೆ ಇಟ್ಟಾಯಿತು, ಗೂಡಿನಿಂದ ಇಳಿಸಿದ ಮೇಲೆ ನಾವು ಹಂಚಿಕೊಂಡು ತಿನ್ನುವುದು ನಮ್ಮ ರೂಢಿ ಎಂದರು. ಕನ್ನಡದಲ್ಲಿ ಹೇಳಲು ನನಗೆ ಕಷ್ಟವಾಗಲಿಲ್ಲ. ಪ್ರಸಾದ, ಮಾವ ಎಂದೆ. ಮಾವ ತಮ್ಮ ಬೆಲ್ಲವನ್ನೇ ಎರಡು ಕೈಯೊಡ್ಡಿ ಇಸಿದುಕೊಂಡು ಕಣ್ಣಿಗೊತ್ತಿಕೊಂಡರು. ಅದೇ ಕ್ರಮವಿರಬೇಕೆಂದು ಕರಿಕೋಟಿನವರೆಲ್ಲ ಬೆಲ್ಲವನ್ನು ಕಣ್ಣಿಗೊತ್ತಿಕೊಂಡರು!

ಆರ್ಡರು ಸಿಕ್ಕಿತು.

ಈ ಸಲ ಗಾಣ ಶುರುವಾದ ದಿನ ಆಲೆಮನೆಗೆ ಹೋಗಿದ್ದೆ. ಅತ್ತೆ ಕೂರುತ್ತಿದ್ದ ಮಣೆ ಅಷ್ಟು ದಿನ ಅಟ್ಟದ ಮೇಲಿತ್ತು. ಅದನ್ನು ಇಳಿಸಿ, ತೊಳೆದು, ಮೊದಲ ಪಾಕದ ಎರಡು ಅಚ್ಚು ಇಟ್ಟಿದ್ದರು. ಒಂದು ಅತ್ತೆಗೆ, ಇನ್ನೊಂದು ಯಾರಿಗೆ ಎಂದೆ.

"ಜಪಾನಿನ ಆಯಮ್ಮಂಗೆ ಕಣ್ಲಾ. ಅಲ್ಲಿ ಆವಯ್ಯನೂ ನಮ್ಮೋಳ್ಗೊಂದು ತುತ್ತು ಮಡಗಿರ್ತಾನೆ."

"ಅವರು ಹಾಗಂತ ಹೇಳಿದ್ರಾ ಮಾವ?"

ಮಾವ ನನ್ನನ್ನು, ಇಷ್ಟು ಓದಿಯೂ ಇವನಿಗೆ ಏನೂ ತಿಳಿಯಲಿಲ್ಲವಲ್ಲ ಎಂಬಂತೆ ನೋಡಿದರು.

"ಅದ್ನೂ ಬಾಯ್ಬುಟ್ಟು ಅನ್ಬೇಕೇನ್ಲಾ?"