ಮೊದಲ ಸಾಲಿಗೆ ಸಿಗದ ಬೆನ್ನು

ಮರ್ಯಾದೆ ಹೋಗುವ ಪ್ರಸಂಗಗಳಿಗೆ ನನ್ನ ನೌಕರಿಯಲ್ಲಿ ಎಂದೂ ಬರಗಾಲ ಬಂದಿಲ್ಲ. ಸೂರತ್ತಿನ ಆಸ್ಪತ್ರೆಯೊಂದರಲ್ಲಿ ಕೋಡ್ ಹಾಕುವವನು ನಾನೊಬ್ಬನೇ. ಮನೆಗೆ ಹೋದ ರೋಗಿಗಳ ಫೈಲ್ ಓದಿ, ಒಂದೊಂದು ಕಾಯಿಲೆಗೂ ಅದರ ಸಂಕೇತಸಂಖ್ಯೆಯನ್ನು ಕಂಪ್ಯೂಟರಿಗೆ ತುಂಬಬೇಕು. ಹೊಸದಾಗಿ ಬಂದ ಡಾಕ್ಟರು, ಬೆನ್ನುಮೂಳೆ ಮುರಿದವರ ಪಟ್ಟಿ ಕೊಡಿ, ಎಲ್ಲರನ್ನೂ ಮರುಪರೀಕ್ಷೆಗೆ ಕರೆಯಬೇಕು, ಒಬ್ಬರೂ ತಪ್ಪಬಾರದು ಎಂದರು. ಹತ್ತೇ ನಿಮಿಷದಲ್ಲಿ ಕೊಟ್ಟೆ.

೧. ಗರ್ಬಾ ಆಡಿದ ರೋಗಿ

ಮೊದಲ ಹೆಸರು ವಜ್ರ ಉಜ್ಜುವ ಕಾರಿಗರನೊಬ್ಬನದು. ಡಾಕ್ಟರು ತಾವೇ ಫೋನ್ ಮಾಡಿ, ಎದ್ದು ನಡೆಯಲು ಆಗುತ್ತದೆಯೇ ಎಂದು ಮೆಲ್ಲಗೆ ಕೇಳಿದರು. ಆತ, ಗರ್ಬಾ ಕ್ಲಾಸಿನಲ್ಲಿದ್ದೇನೆ, ಕುಣಿತ ಮುಗಿಸಿ ಮಾತಾಡುತ್ತೇನೆ ಎಂದನಂತೆ. ಫೈಲ್ ತೆಗೆದು ನೋಡಿದೆ. ಮೊದಲ ಪುಟದಲ್ಲಿ 'ಮುರಿತದ ಅನುಮಾನ', ಮೂರನೆಯದರಲ್ಲಿ 'ಮುರಿತವಿಲ್ಲ, ಬರೀ ಉಳುಕು'. ಮೂರನೆಯ ಪುಟದ ತನಕ ಓದುವ ಜಾಯಮಾನ ನನ್ನದಾಗಿದ್ದರೆ ನಾನೇ ಡಾಕ್ಟರಾಗಿರುತ್ತಿದ್ದೆ.

೨. ಸೊಂಟದ ಬೆಲ್ಟು

ಮುಂದಿನ ವಾರ ಪಾಂಡೇಸರಾ ಬಡಾವಣೆಯಲ್ಲಿ ಬಟ್ಟೆಗೆ ಬಣ್ಣ ಹಾಕುವ ಮಿಲ್ಲಿನ ಕಾರ್ಮಿಕರೊಬ್ಬರು ಸೊಂಟಕ್ಕೆ ಬೆಲ್ಟ್ ಬಿಗಿದುಕೊಂಡು ತಾವಾಗಿಯೇ ಬಂದರು. ಏಣಿಯಿಂದ ಬಿದ್ದವರು. ಇವರು ಪಟ್ಟಿಯಲ್ಲಿ ಏಕಿಲ್ಲ ಎಂದು ಡಾಕ್ಟರು ನನ್ನನ್ನು ಕರೆಸಿದರು. ಕಂಪ್ಯೂಟರ್ ನೋಡಿ, "ಇವರದು ಬೆನ್ನು ಮುರಿದಿಲ್ಲ ಸಾಹೇಬ್, ಕಾಲು ಮಾತ್ರ," ಎಂದು ಗಟ್ಟಿಯಾಗಿ ಹೇಳಿಬಿಟ್ಟೆ. ಫೈಲಿನಲ್ಲಿ ಕಾಲು ಮೊದಲ ಸಾಲು, ಬೆನ್ನು ಎರಡನೆಯದು. ನಾನು ಮೊದಲ ಸಾಲಿಗೆ ಕೋಡ್ ಹಾಕಿ ಚಹಾಕ್ಕೆ ಎದ್ದು ಹೋಗುವವನು. ನಿಜಕ್ಕೂ ನಾಚಿಕೆಯಾಯಿತು. ಆ ಮನುಷ್ಯ ಪಾಪ, ನನ್ನ ಮಾತು ನಂಬಿ ಬೆಲ್ಟ್ ಬಿಚ್ಚತೊಡಗಿದ್ದರು.

೩. ಫೋನ್ ಬಾರದ ರೋಗಿ

ಪಟ್ಟಿಯಲ್ಲಿದ್ದವರಿಗೆಲ್ಲ ಫೋನ್ ಹೋಯಿತು, ನನಗೆ ಬರಲಿಲ್ಲ. ಹೌದು, ನಾನೂ ರೋಗಿಯೇ. ಹಿಂದಿನ ವರ್ಷ ಫೈಲ್ ಇಳಿಸಲು ಸ್ಟೂಲ್ ಹತ್ತಿ ಬಿದ್ದು, ಮಣಿಕಟ್ಟಿನ ಜೊತೆಗೆ ಬೆನ್ನುಮೂಳೆಯನ್ನೂ ಮುರಿದುಕೊಂಡು ಇದೇ ಆಸ್ಪತ್ರೆಯಲ್ಲಿ ಹತ್ತು ದಿನ ಮಲಗಿದ್ದೆ. ಬಗ್ಗಿದರೆ ಈಗಲೂ ನೋವು. ಕುಂದಾಪುರದ ಕಡೆಯವಳಾದ ಹೆಂಡತಿ ದಿನಾ ಚುಚ್ಚತೊಡಗಿದಳು: "ಊರವರನ್ನೆಲ್ಲ ಕರೀತಾರೆ, ನಿಮ್ಮ ಬೆನ್ನು ಯಾರಿಗೂ ಬೇಡ್ವಾ ಮಾರಾಯ್ರೆ?"

ರೇಗಿತು. ಡಾಕ್ಟರ ಕೋಣೆಗೆ ನುಗ್ಗಿ, ಬೆನ್ನು ಮುರಿದವನನ್ನು ಹೀಗೆ ಮರೆಯುವುದು ನ್ಯಾಯವೇ ಎಂದು ಕೇಳಿದೆ. ಅವರು ಕಂಪ್ಯೂಟರಿನಲ್ಲಿ ನನ್ನ ದಾಖಲೆ ತೆರೆದರು. ಮಣಿಕಟ್ಟಿನ ಮುರಿತ, ಅಷ್ಟೇ. ಬೆನ್ನಿನ ಸುದ್ದಿಯೇ ಇಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು.

"ಈ ಕೋಡ್ ಹಾಕಿದವನು ಯಾರು ಸಾಹೇಬ್? ಅವನನ್ನು ಈಗಲೇ ಇಲ್ಲಿಗೆ ಕರೆಸಿ."

ಡಾಕ್ಟರು ಕುರ್ಚಿ ಎಳೆದುಕೊಟ್ಟರು. "ಬಂದಿದ್ದಾರೆ. ನಿಧಾನಕ್ಕೆ ಕೂತ್ಕೊಳ್ಳಿ, ಬೆನ್ನು ಜೋಪಾನ."