ಸೈರನ್ನಪ್ಪನ ನೂರಮೂವತ್ತಮೂರನೇ ಪರೀಕ್ಷೆ

ಬೆಳಿಗ್ಗೆ ಒಂಬತ್ತೂವರೆಗೆ ಸಾಹೇಬರು ಬೆಲ್ ಒತ್ತಿದಾಗ ಸೈರನ್ನಪ್ಪ ಕಾಫಿಯ ಮೊದಲ ಗುಟುಕು ಕುಡಿದಿದ್ದ. ಎರಡನೆಯ ಗುಟುಕು ಅವನ ಹಣೆಯಲ್ಲಿ ಬರೆದಿರಲಿಲ್ಲ.

ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಆದರೆ ನಗರ ಕಚೇರಿಯ ತಾರಸಿಯ ಮೇಲಿನ ದೊಡ್ಡ ಸೈರನ್ನಿನ ಉಸ್ತುವಾರಿ ಅವನ ಪಾಲಿಗೆ ಬಂದ ದಿನದಿಂದ ಎಲ್ಲರಿಗೂ ಅವನು ಸೈರನ್ನಪ್ಪ. ಯುದ್ಧ ಬಂದು ಆಕಾಶದಿಂದ ಬಾಂಬು ಬೀಳುವಂತಾದರೆ ಊರಿಗೆ ಎಚ್ಚರಿಕೆ ಕೊಡಲೆಂದು ಯಾವುದೋ ಕಾಲದಲ್ಲಿ ಯಾರೋ ಇಟ್ಟ ಸೈರನ್ ಅದು. ಪ್ರತಿ ತಿಂಗಳ ಮೊದಲ ಸೋಮವಾರ ಹತ್ತು ಗಂಟೆಗೆ ಒಂದು ನಿಮಿಷ ಕೂಗಿಸಬೇಕು, ರಿಜಿಸ್ಟರಿನಲ್ಲಿ ‘ಪರೀಕ್ಷಿಸಲಾಯಿತು, ಸರಿಯಾಗಿದೆ’ ಎಂದು ಬರೆದು ಸಹಿ ಹಾಕಬೇಕು. ಉಳಿದ ದಿನಗಳಲ್ಲಿ ಅವನು ಫೈಲು ಹೊರುತ್ತಿದ್ದ.

ಸಾಹೇಬರು ಬಂದು ಮೂರೇ ವಾರವಾಗಿತ್ತು. ಅವರ ಮೇಜಿನ ಮೇಲೆ ಆ ರಿಜಿಸ್ಟರ್ ತೆರೆದುಕೊಂಡಿತ್ತು.

“ರಾತ್ರಿ ಸುದ್ದಿ ನೋಡಿದ್ಯೇನಯ್ಯ? ಎಲ್ಲೋ ದೂರದಲ್ಲಿ ಒಂದು ದೇಶದವರು ಪಕ್ಕದ ದೇಶಕ್ಕೆ ನುಗ್ಗಿ ವಿಮಾನದಿಂದ ಹೊಡೆದಿದ್ದಾರೆ. ಎಲ್ಲಿಗೆ ಹೋಗಿ ನಿಲ್ಲುತ್ತೋ ಯಾರಿಗೂ ಗೊತ್ತಿಲ್ಲ. ನಮ್ಮ ಸೈರನ್ ಒಂದು ಸಲ ಕೇಳೋಣ ಅಂತ ನನಗೂ ಕುತೂಹಲ. ಹನ್ನೊಂದು ವರ್ಷ ಒಂದು ತಿಂಗಳೂ ತಪ್ಪಿಸಿಲ್ಲ ನೀನು! ನೂರಮೂವತ್ತೆರಡು ಸಹಿ! ಇವತ್ತು ಮೊದಲ ಸೋಮವಾರ ಅಲ್ವಾ, ಹತ್ತು ಗಂಟೆಗೆ ನಾನೇ ಅಂಗಳದಲ್ಲಿ ನಿಂತು ಕೇಳ್ತೀನಿ.”

ಆ ನೂರಮೂವತ್ತೆರಡು ಸಹಿಗಳಲ್ಲಿ ಒಂದಕ್ಕೂ ಸೈರನ್ ಕೂಗಿರಲಿಲ್ಲ.

ಅದರಲ್ಲಿ ಅವನ ತಪ್ಪು ಅರ್ಧವೇ ಎನ್ನಬೇಕು. ಅವನ ಮೊದಲ ಸೋಮವಾರ, ಆಗಿನ ಸಾಹೇಬರು ತಲೆನೋವಿಗೆ ಬಟ್ಟೆ ಕಟ್ಟಿಕೊಂಡು ಕೂತಿದ್ದರು. “ನಾನಿರೋವರೆಗೂ ಅದನ್ನ ಮುಟ್ಟಬೇಡ, ಸುಮ್ಮನೆ ಬರೆದುಬಿಡು” ಎಂದರು. ಅವರು ವರ್ಗವಾಗಿ ಹೋದರು, ತಲೆನೋವೂ ಅವರ ಜೊತೆಗೇ ಹೋಯಿತು, ಅಭ್ಯಾಸ ಮಾತ್ರ ಸೈರನ್ನಪ್ಪನ ಹತ್ತಿರ ಉಳಿಯಿತು. ಆಮೇಲೆ ಒತ್ತಿ ನೋಡೋಣ ಎಂದರೆ ಸೈರನ್ನಿನ ಬಾಯೊಳಗೆ ಪಾರಿವಾಳಗಳು ಸಂಸಾರ ಹೂಡಿದ್ದವು. ಇಷ್ಟು ವರ್ಷಕ್ಕೆ ಅದು ತುಕ್ಕು ಹಿಡಿದು ಸತ್ತಿರುತ್ತದೆ ಎಂಬುದರಲ್ಲಿ ಅವನಿಗೆ ಸಂಶಯವೇ ಇರಲಿಲ್ಲ.

ಹೊಸ ಸಾಹೇಬರು ಬಂದ ವಾರವೇ ತೊಟ್ಟಿ ತೊಳೆಯದೆ ‘ತೊಳೆಯಲಾಯಿತು’ ಎಂದು ಬರೆದಿದ್ದ ನೀರಿನವನನ್ನು ಮನೆಗೆ ಕಳಿಸಿದ್ದರು. ಸೈರನ್ನಪ್ಪನಿಗೆ ಪಿಂಚಣಿಗೆ ಇನ್ನು ನಾಲ್ಕು ವರ್ಷವಿತ್ತು. ಈ ವಯಸ್ಸಿನಲ್ಲಿ ಕೆಲಸ ಹೋದರೆ ಹೆಂಡತಿ ಕೂಗುವ ಕೂಗಿಗೆ ಊರಿಗೆ ಬೇರೆ ಸೈರನ್ನೇ ಬೇಕಾಗಿರಲಿಲ್ಲ.

“ಸಾರ್, ಒಂದು ಅನುಮಾನ” ಎಂದ. “ಬೇರೆ ದಿನ ಆದ್ರೆ ಪರವಾಗಿಲ್ಲ. ಇವತ್ತೇ ಕೂಗಿಸಿದ್ರೆ ಜನ ಯುದ್ಧ ಇಲ್ಲಿಗೇ ಬಂತು ಅಂದ್ಕೊಳಲ್ವಾ?”

ಈ ಮಾತು ಬಾಗಿಲಲ್ಲಿದ್ದ ಇಬ್ಬರ ಕಿವಿಗೆ ಬಿತ್ತು. ಒಬ್ಬ ಪಕ್ಕದ ಔಷಧಿ ಅಂಗಡಿಯವನು, ಲೈಸೆನ್ಸಿಗೆ ಸಹಿ ಹಾಕಿಸಲು ಬಂದವನು. ಇನ್ನೊಬ್ಬರು ನಿವೃತ್ತ ಚರಿತ್ರೆ ಮೇಷ್ಟರು, ಕಚೇರಿಯ ಪೇಪರನ್ನು ದಿನವೂ ಪುಕ್ಕಟೆಯಾಗಿ ಓದಲು ಬರುವವರು.

“ಅಂದ್ಕೊಳ್ಳಲಿ ಬಿಡ್ರೀ!” ಎಂದ ಅಂಗಡಿಯವನು. “ಜನ ತಯಾರಾಗಿರಬೇಕು. ಆ ದೇಶ ಹೊಡೆದಿದ್ದೂ ಸರಿಯೇ. ಗಾಯ ಚಿಕ್ಕದಿದ್ದಾಗಲೇ ಔಷಧಿ ಹಾಕ್ಬೇಕು. ಬಿಟ್ರೆ ಕೀವಾಗುತ್ತೆ.”

“ನೀನು ಔಷಧಿ ಮಾರೋನು, ನಿನಗೆ ಗಾಯ ಬೇಕು” ಎಂದರು ಮೇಷ್ಟರು. “ಮೊದಲ ಏಟು ಹೊಡೆಯೋನು ‘ಒಂದೇ ಏಟು’ ಅಂತಾನೇ ಹೊಡೆಯೋದು. ಎರಡನೇ ಏಟು ಯಾರದು ಅನ್ನೋದು ಅವನ ಕೈಯಲ್ಲಿರಲ್ಲ. ಚರಿತ್ರೆ ಓದಿದ್ದರೆ ಗೊತ್ತಾಗ್ತಿತ್ತು.”

ಹತ್ತು ಗಂಟೆ ಹೊಡೆದು ಹೋಯಿತು. ಯಾರೂ ಗಮನಿಸಲಿಲ್ಲ, ಸೈರನ್ನಪ್ಪನೊಬ್ಬನ ಹೊರತು. ಬೀಸೋ ದೊಣ್ಣೆ ತಪ್ಪಿಸಿಕೊಂಡರೆ ಸಾವಿರ ವರ್ಷ ಆಯಸ್ಸು ಎನ್ನುತ್ತಾರೆ. ಅವನಿಗೆ ಸಾವಿರ ವರ್ಷ ಬೇಡವಾಗಿತ್ತು, ಸಂಜೆ ಐದೂವರೆಗೆ ಕಚೇರಿ ಮುಚ್ಚಿದರೆ ಸಾಕಾಗಿತ್ತು. ರಾತ್ರಿ ಪಾರಿವಾಳ ಓಡಿಸಿ, ಯಾರಾದರೂ ರಿಪೇರಿಯವನನ್ನು ಕಾಲು ಹಿಡಿದು ಕರೆತರಬಹುದು. ಅಲ್ಲಿಯವರೆಗೆ ಈ ಜಗಳ ಆರಬಾರದು.

ಸಾಹೇಬರಿಗೆ ಎಲ್ಲರ ಅಭಿಪ್ರಾಯ ಕೇಳುವ ಚಟವಿತ್ತು. “ಇದು ಸಾರ್ವಜನಿಕ ವಿಷಯ, ಸಭಾಂಗಣಕ್ಕೆ ನಡೀರಿ” ಎಂದರು. ತೆರಿಗೆ ಕಟ್ಟಲು ಬಂದವರು, ಜನನ ಪತ್ರಕ್ಕೆ ಬಂದವರು, ನೆರಳಿಗೆಂದು ಬಂದವರು, ಎಲ್ಲರೂ ಒಳಗೆ ಬಂದು ಕೂತರು. ಟೈಪಿಸ್ಟ್ ಅಮ್ಮ ಚಾಕ್‌ಪೀಸು ಹಿಡಿದು ಬೋರ್ಡಿನ ಮುಂದೆ ನಿಂತರು. ಆ ಕಚೇರಿಯಲ್ಲಿ ಒಂಬತ್ತು ವರ್ಷದಿಂದ ದುಡಿಯುತ್ತಿದ್ದ ಅವರಿಗೆ ಮಾತಿಗಿಂತ ಬರಹದಲ್ಲೇ ನಂಬಿಕೆ.

ಅರ್ಧ ಗಂಟೆಯಲ್ಲಿ ವಾದ ಆಕಳಿಕೆಗೆ ತಿರುಗಿತು. ನೀರಿನ ಲೋಟ ಹಂಚುತ್ತಿದ್ದ ಸೈರನ್ನಪ್ಪ ತಟ್ಟನೆ ಬಾಯಿ ಹಾಕಿದ.

“ಒಂದು ಅನುಮಾನ ಸಾರ್. ಏಟು ತಿಂದ ದೇಶಕ್ಕೂ ಸ್ನೇಹಿತರು ಇರ್ತಾರಲ್ಲ, ಅವರು ಸುಮ್ಮನಿರ್ತಾರಾ?”

ಬೆಂಕಿಗೆ ತುಪ್ಪ ಬಿತ್ತು. ಟೈಪಿಸ್ಟ್ ಅಮ್ಮ ಬೋರ್ಡಿನ ಮೇಲೆ ಎರಡು ಸೊನ್ನೆ ಹಾಕಿದರು. ಒಂದು ಸೊನ್ನೆಗೆ ಸ್ನೇಹಿತರು ಯಾರು, ಸ್ನೇಹಿತರಿಗೆ ಶತ್ರುಗಳು ಯಾರು, ಶತ್ರುಗಳಿಗೆ ಎಣ್ಣೆ ಮಾರುವವರು ಯಾರು ಎಂದು ಸಭೆಯವರು ಕೂಗುತ್ತ ಹೋದಂತೆ ಸೊನ್ನೆಗಳು ಹೆಚ್ಚಿದವು, ಗೆರೆಗಳು ಸಿಕ್ಕುಬಿದ್ದವು. ಮಧ್ಯಾಹ್ನದ ಹೊತ್ತಿಗೆ ಹತ್ತೊಂಬತ್ತು ದೇಶಗಳು ಯುದ್ಧಕ್ಕಿಳಿದಿದ್ದವು. ಬೋರ್ಡಿನಲ್ಲಿ ಜಾಗ ಮುಗಿದದ್ದರಿಂದ ಇಪ್ಪತ್ತನೆಯದು ಪಾರಾಯಿತು.

“ನೋಡಿದ್ರಾ!” ಎಂದರು ಮೇಷ್ಟರು. “ಎರಡರಿಂದ ಶುರುವಾಗಿದ್ದು!”

“ಅದಕ್ಕೇ ಹೇಳೋದು, ಎರಡು ಇದ್ದಾಗಲೇ ಮುಗಿಸ್ಬೇಕು ಅಂತ!” ಎಂದ ಅಂಗಡಿಯವನು.

ಊಟದ ನಂತರ ಮತ್ತೆ ಸಭೆ ತೂಕಡಿಸಿತು. ಸಾಹೇಬರು ಗಡಿಯಾರ ನೋಡಿಕೊಂಡರು. ಸೈರನ್ನಪ್ಪ ಕೈ ಎತ್ತಿದ.

“ಹಾಗಾದ್ರೆ ಸಾರ್, ಇಬ್ಬರಲ್ಲಿ ಮೊದಲು ಹೊಡೆದಿದ್ದು ಯಾರು?”

ಈ ಪ್ರಶ್ನೆಗೆ ಮೇಷ್ಟರು ಇನ್ನೂರು ವರ್ಷ ಹಿಂದಕ್ಕೆ ಹೋದರು. ಅಂಗಡಿಯವನು ಅದಕ್ಕೂ ಹಿಂದೆ ಹೋಗಿ ಇನ್ನೊಬ್ಬನೇ ಮೊದಲು ಹೊಡೆದದ್ದು ಎಂದು ಸಾಧಿಸಿದ. ಇಬ್ಬರೂ ಪೈಪೋಟಿಯ ಮೇಲೆ ಹಿಂದೆ ಹಿಂದೆ ಹೋಗಿ, ಮೂರು ಗಂಟೆಗೆ, ಎರಡೂ ದೇಶ ಇನ್ನೂ ಹುಟ್ಟಿಯೇ ಇರದ ಕಾಲಕ್ಕೆ ತಲುಪಿ ನಿಂತರು. ವಿಚಿತ್ರವೆಂದರೆ ಸೈರನ್ನಪ್ಪನಿಗೂ ಈಗ ನಿಜವಾಗಿ ಕುತೂಹಲ ಹುಟ್ಟಿತ್ತು. ಹನ್ನೊಂದು ವರ್ಷ ಯುದ್ಧದ ಸೈರನ್ ಕಾದವನು ಯುದ್ಧ ಹೇಗೆ ಶುರುವಾಗುತ್ತದೆ ಎಂದು ಯೋಚಿಸಿದ್ದು ಅದೇ ಮೊದಲು. ಯಾರೋ ಒಬ್ಬ ತನ್ನ ಪ್ರಾಣ ಉಳಿಸಿಕೊಳ್ಳಲು ಇಬ್ಬರ ನಡುವೆ ಹೀಗೇ ನೀರು ಹಂಚುತ್ತ ಓಡಾಡುತ್ತಿರಬಹುದೇ ಎಂದು ಹೊಳೆದು ಅವನಿಗೆ ಸ್ವಲ್ಪ ನಾಚಿಕೆಯೂ ಆಯಿತು.

“ಅಲ್ಲಪ್ಪಾ, ಆ ಸೈರನ್ ಸದ್ದು ಹೇಗಿರುತ್ತೆ?” ಎಂದು ಹಿಂದಿನ ಸಾಲಿನ ಅಜ್ಜಿ ಅವನ ತೋಳು ಹಿಡಿದು ಕೇಳಿದಳು.

“ಎಮ್ಮೆ ಕೂಗಿದ ಹಾಗೆ ಅಜ್ಜೀ” ಎಂದ, ಬಾಯಿಗೆ ಬಂದದ್ದನ್ನು. “ಸ್ವಲ್ಪ ದೊಡ್ಡದು, ಅಷ್ಟೇ.”

ನಾಲ್ಕು ಗಂಟೆಗೆ ಅನಾಹುತವಾಯಿತು. ಅದನ್ನು ಮಾಡಿದವರು ಟೈಪಿಸ್ಟ್ ಅಮ್ಮ. ಬೆಳಗಿನಿಂದ ಬರೆದೂ ಬರೆದೂ ಕೈ ನೊಂದಿದ್ದ ಅವರು ಚಾಕ್‌ಪೀಸು ಕೆಳಗಿಟ್ಟು ಹೇಳಿದರು: “ಇದು ಬರೀ ಪರೀಕ್ಷೆ, ಹೆದರಬೇಡಿ ಅಂತ ಮೊದಲೇ ಮೈಕಿನಲ್ಲಿ ಕೂಗಿಸಿ, ಆಮೇಲೆ ಸೈರನ್ ಒತ್ತಿದ್ರಾಯ್ತಪ್ಪ. ಅಂಗಡಿಯವರು ಹೇಳೋ ತಯಾರಿಯೂ ಆಯ್ತು, ಜನಕ್ಕೆ ಹೆದರಿಕೆಯೂ ತಪ್ಪಿತು.”

ಇಷ್ಟು ಸುಲಭದ ಮಾತು ಬೆಳಿಗ್ಗೆಯೇ ಹೊಳೆಯಲಿಲ್ಲವಲ್ಲ ಎಂದು ಎಲ್ಲರಿಗೂ ಬೇಸರವಾಯಿತು. ಸಾಹೇಬರು ಮೇಜು ಕುಟ್ಟಿದರು. “ಐದಕ್ಕೆ ಸರಿಯಾಗಿ!”

ಸೈರನ್ನಪ್ಪ ಮೆಟ್ಟಿಲ ಕೆಳಗಿನ ಕತ್ತಲೆಗೆ ಓಡಿ ಲಾರಿ ಓಡಿಸುವ ಬಾಮೈದನಿಗೆ ಫೋನು ಹಚ್ಚಿದ.

“ನಿನ್ನ ಲಾರಿ ಹಾರ್ನು ಎಷ್ಟು ದೂರ ಕೇಳ್ಸುತ್ತೋ?”

“ಸತ್ತೋರು ಎದ್ದು ಕೂರ್ತಾರೆ ಭಾವ. ಯಾಕೆ?”

“ಐದು ಗಂಟೆಗೆ ಕಚೇರಿ ಹಿಂದೆ ನಿಲ್ಲಿಸು. ತಾರಸಿ ಮೇಲಿಂದ ಟವೆಲ್ ಬೀಸ್ತೀನಿ. ಬೀಸಿದ ಕೂಡ್ಲೇ ಒಂದು ನಿಮಿಷ ಬಿಡದೆ ಒತ್ತು. ನಿಮ್ಮಕ್ಕನ ಮುಖ ನೋಡಿಯಾದ್ರೂ ಬಾ.”

ಐದಕ್ಕೆ ಎರಡು ನಿಮಿಷವಿತ್ತು. ಮೈಕಿನವನು ಊರೆಲ್ಲ ಸುತ್ತಿ ಹೇಳಿಬಂದಿದ್ದ. ಯುದ್ಧದ ಕೂಗು ಹೇಗಿರುತ್ತದೋ ಎಂಬ ಕುತೂಹಲಕ್ಕೆ ಅರ್ಧ ಊರು ಅಂಗಳದಲ್ಲಿ ಕತ್ತು ಮೇಲೆತ್ತಿ ನಿಂತಿತ್ತು. ತಾರಸಿಯ ಮೇಲೆ ಸೈರನ್ನಪ್ಪ ಹಿಂದಿನ ಬೀದಿಗೆ ಬಗ್ಗಿ ನೋಡಿದ. ಮರದ ಕೊಂಬೆಗಳ ಮರೆಯಲ್ಲಿ ಏನೂ ಕಾಣಿಸಲಿಲ್ಲ. ಇದ್ದಾನೆ, ಇದ್ದೇ ಇರುತ್ತಾನೆ ಎಂದುಕೊಂಡು ಎಡಗೈಯಲ್ಲಿ ಟವೆಲ್ ಬೀಸಿದ, ಬಲಗೈಯಲ್ಲಿ ಕಾಟಾಚಾರಕ್ಕೆ ಸೈರನ್ನಿನ ಗುಂಡಿ ಒತ್ತಿ ಕಣ್ಣು ಮುಚ್ಚಿಕೊಂಡ.

ಊಂ ಎಂದು ಶುರುವಾದದ್ದು ಏರಿ ಏರಿ ಕಿಟಕಿ ಗಾಜುಗಳನ್ನು ನಡುಗಿಸಿತು. ಪಾರಿವಾಳಗಳು ಸಂಸಾರ ಸಮೇತ ಹಾರಿದವು. ಹನ್ನೊಂದು ವರ್ಷದ ಹುಲ್ಲುಕಡ್ಡಿ ಸಾಹೇಬರ ತಲೆಯ ಮೇಲೆ ಸುರಿಯಿತು. ಬೀದಿನಾಯಿಗಳು ಬಾಲ ಮಡಚಿ ಓಡಿದವು. ಒಂದು ನಿಮಿಷದ ನಂತರ ಸದ್ದು ನಿಂತಾಗ ಅಂಗಳದಲ್ಲಿ ಚಪ್ಪಾಳೆಯೋ ಚಪ್ಪಾಳೆ.

ಭಲೇ ಬಾಮೈದ ಎಂದು ಅವನು ಕಣ್ಣು ತೆರೆಯುವಷ್ಟರಲ್ಲಿ ಫೋನು ಬಡಿದುಕೊಂಡಿತು.

“ಭಾವ, ಬೈಬೇಡಿ. ರೈಲ್ವೆ ಗೇಟ್ ಹಾಕಿಬಿಟ್ಟಿದ್ದಾರೆ. ಅರ್ಧ ಗಂಟೆಯಿಂದ ಇಲ್ಲೇ ನಿಂತಿದ್ದೀನಿ. ಅದೇನು ಭಾವ ಆ ಸದ್ದು? ಇಲ್ಲಿಗೂ ಕೇಳಿಸ್ತು!”

ಸೈರನ್ನಪ್ಪ ಸೈರನ್ನನ್ನು ನೋಡಿದ. ಮುಟ್ಟಿ ನೋಡಿದ. ಬೆಚ್ಚಗಿತ್ತು. ಅಯ್ಯೋ ಪುಣ್ಯಾತ್ಮ, ಬದುಕಿಯೇ ಇದ್ದೆಯಾ! ಅವನಿಗೆ ಅಳು ಬಂತು. ನೂರಮೂವತ್ತೆರಡು ಸಲ ‘ಸರಿಯಾಗಿದೆ’ ಎಂದು ಬರೆದದ್ದು ಒಂದೂ ಸುಳ್ಳಾಗಿರಲಿಲ್ಲ. ಮೆಟ್ಟಿಲು ಇಳಿಯುವಾಗ ಅವನ ನಡಿಗೆ ಸೇನಾಧಿಪತಿಯ ನಡಿಗೆಯಾಗಿತ್ತು.

ಸಾಹೇಬರು ತಲೆಯ ಕಡ್ಡಿ ಕೊಡವಿಕೊಂಡು ರಿಜಿಸ್ಟರ್ ಮುಂದಿಟ್ಟರು. ಅವನು ರಿಜಿಸ್ಟರಿನಲ್ಲಿ ‘ಪರೀಕ್ಷಿಸಲಾಯಿತು, ಸರಿಯಾಗಿದೆ’ ಎಂದು ಜೀವಮಾನದಲ್ಲಿ ಮೊದಲ ಬಾರಿಗೆ ನೋಡಿ, ಕೇಳಿ, ಬರೆದ. ಸಾಹೇಬರು ಅವನ ಕೈ ಹಿಡಿದು ಕುಲುಕಿದರು.

“ಏನು ಸದ್ದಪ್ಪಾ!” ಎಂದ ಔಷಧಿ ಅಂಗಡಿಯವನು, ಕಿವಿಗೆ ಬೆರಳು ಹಾಕಿ ಅಲ್ಲಾಡಿಸುತ್ತ. “ಇಲ್ಲೇ ಗೋಡೆಗೆ ಗೋಡೆ ಹಚ್ಚಿ ಹತ್ತು ವರ್ಷದಿಂದ ಅಂಗಡಿ ಇಟ್ಟಿದ್ದೀನಿ. ಇದನ್ನ ಒಂದು ದಿನಾನೂ ಕೇಳಿಲ್ಲ.”

ಮೇಷ್ಟರು ಕನ್ನಡಕ ಸರಿಮಾಡಿಕೊಂಡು ಅವನನ್ನು ನೋಡಿದರು. “ಈ ಮಾತು ಮಾತ್ರ ಒಪ್ಪಿದೆ ಕಣಯ್ಯ. ದಿನಾ ಹತ್ತು ಗಂಟೆಗೆ ಇದರ ಕೆಳಗೇ ಕೂತು ಪೇಪರ್ ಓದ್ತೀನಿ. ನಾನೂ ಕೇಳಿಲ್ಲ.”

“ನಾನೂ ಇಲ್ಲ” ಎಂದರು ಟೈಪಿಸ್ಟ್ ಅಮ್ಮ, ಮೆಲ್ಲಗೆ.

ಬೆಳಗಿನಿಂದ ಒಂದು ಮಾತಿಗೂ ಹೊಂದದ ಎರಡು ಪಕ್ಷಗಳ ನಡುವೆ ಹೀಗೆ ಒಂದೇ ಕ್ಷಣದಲ್ಲಿ ಒಮ್ಮತ ಮೂಡಿತು. ಸಾಹೇಬರ ಕೈ ಇನ್ನೂ ಸೈರನ್ನಪ್ಪನ ಕೈಯಲ್ಲೇ ಇತ್ತು. ಇನ್ನೊಂದು ಕೈಯಲ್ಲಿ ಅವರು ರಿಜಿಸ್ಟರಿನ ಹಾಳೆಗಳನ್ನು ಒಂದೊಂದಾಗಿ ಹಿಂದಕ್ಕೆ ತಿರುವತೊಡಗಿದರು. ಸೈರನ್ ಕೆಟ್ಟಿದ್ದರೆ ‘ಇವತ್ತೇ ಕೆಟ್ಟಿತು ಸಾರ್’ ಎನ್ನಬಹುದಿತ್ತು. ಆದರೆ ಇದು ರೈಲ್ವೆ ಗೇಟಿನವರೆಗೂ ಕೇಳಿಸಿತ್ತು.

“ಸಾರ್, ಒಂದು ಅನುಮಾನ” ಎಂದ ಸೈರನ್ನಪ್ಪ, ಬೆಳಗಿನಿಂದ ಕೈಬಿಡದ ಆ ಮಾತನ್ನೇ ಮತ್ತೆ ನೆಚ್ಚಿಕೊಂಡು. “ಆ ಎರಡು ದೇಶ ನಾಳೆ ಮತ್ತೆ ಹೊಡೆದಾಡಿದ್ರೆ...”

“ಹೊಡೆದಾಡ್ಕೊಳ್ಳಲಿ ಬಿಡ್ರೀ” ಎಂದರು ಮೇಷ್ಟರೂ ಅಂಗಡಿಯವನೂ ಒಂದೇ ಉಸಿರಿನಲ್ಲಿ. “ಮೊದಲು ನೀವು ಇದನ್ನ ಹೇಳಿ.”