ನಾನು ಕಾಣದ ಕೆರೆಯ ರಾಣಿ

ಕಾಣದ ಊರಿನ ಇತಿಹಾಸ ಬರೆಯುವುದು ಬಹಳ ಸುಲಭ. ಕಂಡರೆ ಅನುಮಾನಗಳು ಶುರುವಾಗುತ್ತವೆ. ಹತ್ತು ವರ್ಷದ ಹಿಂದೆ ಬೆಟಗೇರಿಯ ನಮ್ಮ ಪಡಸಾಲೆಯಲ್ಲಿ ಕೂತು, ಮುಂಡರಗಿಯಾಚೆ ಗುಡ್ಡದ ಕಾಡಿನೊಳಗಿನ ಒಂದು ಕೆರೆಯೂರಿನ ಬಗ್ಗೆ ಪತ್ರಿಕೆಗೆ ಲೇಖನ ಬರೆದೆ. ನನಗೆ ಗೊತ್ತಿದ್ದದ್ದು ಊರಿನ ಹೆಸರೊಂದೇ. ಕೆರೆ ಎಂದಮೇಲೆ ಕಟ್ಟಿಸಿದವರು ಬೇಕು, ಅವರು ರಾಣಿಯಾದರೆ ಇನ್ನೂ ಚೆಂದ. ರಾಣಿಗೆ ಹೆಸರು ಹೊಳೆಯದೆ ಪೆನ್ನು ಕಚ್ಚುತ್ತಿದ್ದಾಗ ನನ್ನ ಹೆಂಡತಿ ಗಿರಿಜೆ ಅಡುಗೆಮನೆಯಿಂದ, "ಚಾ ಆರಾಕತ್ತೈತಿ ನೋಡ್ರಿ" ಎಂದಳು. ಚಹಾ ಆರುವಷ್ಟರಲ್ಲಿ ರಾಣಿ ಗಿರಿಜಾದೇವಿ ಕೆರೆ ಕಟ್ಟಿಸಿ ಮುಗಿಸಿದ್ದಳು. ಲೇಖನ ಅಚ್ಚಾಯಿತು, ನಾನು ಮರೆತೆ.

ಮೊನ್ನೆ ಚಳಿಗಾಲದಲ್ಲಿ, ಕೆರೆಗೆ ಪರದೇಶದ ಹಕ್ಕಿಗಳು ಬಂದಿವೆಯೆಂದು ಯಾರೋ ಹೇಳಿದ್ದರಿಂದ ಆ ಊರಿಗೆ ಮೊದಲ ಸಲ ಹೋದೆ. ಬಸ್ಸು ಇಳಿದು ಎರಡು ತಾಸು ಮುಳ್ಳುಕಂಟಿಯಲ್ಲಿ ನಡೆದರೆ ಒಡ್ಡಿನ ಮೇಲೆ ಹಕ್ಕಿಗಿಂತ ಮೊದಲು ಕಂಡದ್ದು ಒಂದು ಬೋರ್ಡು: 'ರಾಣಿ ಗಿರಿಜಾದೇವಿ ಕಟ್ಟಿಸಿದ ಐತಿಹಾಸಿಕ ಕೆರೆ'. ಅದರ ಕೆಳಗೆ ಅರಿಷಿಣ ಕುಂಕುಮ ಬಳಿದ ಕಲ್ಲು. ಪಂಚಾಯಿತಿ ಸದಸ್ಯ ಈರಪ್ಪ ನನ್ನ ಕೈಗೆ ತೆಂಗಿನಕಾಯಿ ಕೊಟ್ಟು, "ಒಡೀರಿ ಸರ. ರಾಣೆಮ್ಮ ಭಾಳ ಸತ್ಯುಳ್ಳಾಕಿ" ಎಂದ. ಮನೆಯಲ್ಲಿ ಗಿರಿಜೆಯ ಕೈಜಾರಿದ ಸೌಟು ಎತ್ತಿಕೊಡಲೂ ಬಗ್ಗದ ನಾನು ಅಲ್ಲಿ ಅಡ್ಡಬಿದ್ದೆ.

ಪಕ್ಕದಲ್ಲಿ ಕೊಡ ತಿಕ್ಕುತ್ತಿದ್ದ ಮುದುಕಿ ನೀಲವ್ವ ರೇಗಿದಳು. "ಯಾವ ರಾಣಿನಲೇ ಈರಪ್ಪ? ನಮ್ಮತ್ತಿಯ ಅತ್ತಿ ಕೂಸು ಬಗಲಾಗ ಇಟಗೊಂಡು ಮಣ್ಣ ಹೊತ್ತಾಳ. ಊರಿನ ಹೆಂಗಸ್ರು ಬುಟ್ಟಿ ಹೊತ್ತು ಹಾಕಿದ ಒಡ್ಡಿದು. ಅವರ ಹೆಸರು ಹೇಳಾವರ ಇಲ್ಲ!"

"ಸುಮ್ನಿರಬೇ ಆಯಿ, ಪೇಪರಿನಾಗ ಬಂದೈತಿ."

ನನಗೆ ನಾಚಿಕೆಯಾಯಿತು. ಖರೆ ಹೇಳುತ್ತೇನೆ, ನೆಲ ಬಾಯಿಬಿಟ್ಟರೆ ಸಾಕೆನ್ನಿಸಿತು. "ಈರಪ್ಪ, ಅದನ್ನ ಬರದಾವ ನಾನ. ರಾಣಿ ಸುಳ್ಳು" ಎಂದೆ.

ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. "ದೊಡ್ಡಾವ್ರು ನೀವು, ಚ್ಯಾಷ್ಟಿ ಮಾಡ್ತೀರಿ. ಸುಳ್ಳಿದ್ರ ಪೇಪರಿನಾಗ ಹೆಂಗ ಬರ್ತಿತ್ತ್ರಿ?"

ನಂಬಿದವಳು ನೀಲವ್ವ ಒಬ್ಬಳೇ. ಬೈಯಲಿಲ್ಲ. ಕೊಡ ಬದಿಗಿಟ್ಟು, "ಹಂಗಾರ ಈಗ ಖರೇದು ಬರೀರಿ. ಮಣ್ಣ ಹೊತ್ತ ನಮ್ಮತ್ತಿಯ ಅತ್ತಿ ಹೆಸರು ಫಕೀರವ್ವ. ನಾ ಸಾಯೂದ್ರೊಳಗ ಬರ್ಲಿ" ಎಂದಳು. ಹಕ್ಕಿ ನೋಡುವುದನ್ನು ಬಿಟ್ಟು ಅಲ್ಲೇ ಕೂತು ಅವಳು ಹೇಳಿದ್ದನ್ನೆಲ್ಲ ಬರೆದುಕೊಂಡೆ. ಮನೆಗೆ ಬಂದು ನಾಲ್ಕು ಸಲ ತಿದ್ದಿದೆ. ಜನ್ಮದಲ್ಲಿ ಮೊದಲ ಸಲ ಒಂದು ಸಾಲೂ ಸುಳ್ಳಿಲ್ಲದ ಲೇಖನ ಪತ್ರಿಕೆಗೆ ಹೋಯಿತು.

ವಾರದ ಮೇಲೆ ಸಂಪಾದಕರ ಫೋನು ಬಂತು. "ಇದಕ್ಕ ಆಧಾರ ಏನ್ರಿ? ಮುದುಕಿ ಮಾತು ಹೆಂಗ ಹಾಕೂದು? ಆ ಕೆರಿ ರಾಣಿ ಗಿರಿಜಾದೇವಿ ಕಟ್ಟಿಸ್ಯಾಳ. ಬೇಕಾದ್ರ ನಿಮ್ಮ ಹಳೇ ಲೇಖನ ತಗದು ನೋಡ್ರಿ."